ಹಸಿರು ಬಟನ್ನೂ ಎಂಬತ್ತು ಜನರ ಊಟವೂ

ಜೂನ್ ಏಳು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೂಡುಬಿದಿರೆಯ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಡೈರಿಯಲ್ಲಿ ಬರೆದೆ: "ಕೆಲಸ: ಒಂದು ವೆಬ್ ಪುಟ. ಬೇಕಾಗುವ ಸಮಯ: ಎರಡು ಗಂಟೆ."

ಒಂಬತ್ತು ದಿನ ಹಿಡಿಯಿತು!

ವಿಷಯ ಇಷ್ಟು. ಇಂಟರ್ನೆಟ್ಟಿನಲ್ಲಿ ಬೇರೆ ಬೇರೆ ಕಡೆ ಇರುವ ಸೇವೆಗಳನ್ನು ಒಂದಕ್ಕೊಂದು ಜೋಡಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದಿದೆ. ಉಚಿತ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಇಲ್ಲಿ ಒಂದು ಪಟ್ಟಿ ತುಂಬಿದರೆ ಅಲ್ಲಿ ಮೂವರ ಫೋನಿಗೆ ಸಂದೇಶ ಹೋಗುವಂತೆ ಮಾಡಬಹುದು. ಆದರೆ ಅದಕ್ಕೆ ಮುಖವೇ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಬೇಕು. ಒಂದು ಚುಕ್ಕಿ ತಪ್ಪಿದರೂ ಅದು ಕೇಳುವುದಿಲ್ಲ. ನಾನು ತಪ್ಪಿದ್ದು ನಲವತ್ತೊಂದು ಸಲ. ಇಂಥದಕ್ಕೆ ಒಂದು ಮುಖ ಮಾಡಿಕೊಡಲು ಹೊರಟವಳು ನಾನು.

ಮೊದಲ ಬಳಕೆದಾರರಾಗಿ ಬಂಟ್ವಾಳದ ನನ್ನ ಸೋದರಮಾವನನ್ನು ಆರಿಸಿದೆ. ಇಪ್ಪತ್ತಾರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಈಗ ಅತ್ತೆಯ ಜೊತೆ ಊಟದ ಆರ್ಡರು ಹಿಡಿಯುತ್ತಾರೆ. ಇಪ್ಪತ್ತೆರಡನೇ ತಾರೀಕು, ಭಾನುವಾರ, ಬೆಳ್ತಂಗಡಿಯಲ್ಲಿ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಎಂಬತ್ತು ಜನರ ಊಟ. ಬಂಟ್ವಾಳದ ಹೊರಗೆ ಅವರಿಗೆ ಸಿಕ್ಕಿದ ಮೊದಲ ಆರ್ಡರು. ಇದು ಚೆನ್ನಾಗಿ ಆದರೆ ಅಲ್ಲಿಂದ ಇನ್ನಷ್ಟು ಬರುತ್ತವೆ. ಕೆಟ್ಟರೆ ಬೆಳ್ತಂಗಡಿಯ ಬಾಗಿಲು ಮುಚ್ಚಿದ ಹಾಗೆ.

ಹತ್ತೊಂಬತ್ತು, ಗುರುವಾರ, ಸಂಜೆ ನಾಲ್ಕು ಹತ್ತಕ್ಕೆ ಮಾವನ ಅಡುಗೆಮನೆಯಲ್ಲಿ ಉದ್ಘಾಟನೆ. ಟ್ಯಾಬಿನ ಪರದೆಯಲ್ಲಿ ಪಟ್ಟಿ: ಲಲಿತಕ್ಕನಿಂದ ನೂರು ಬಾಳೆಎಲೆ, ದೇಜಪ್ಪಣ್ಣನಿಂದ ಮೂವತ್ತು ತೆಂಗಿನಕಾಯಿ, ಮಾಣಿ ಪೇಟೆಯ ಅಂಗಡಿಯಿಂದ ಹನ್ನೆರಡು ಕಿಲೋ ಸೌತೆ. ಕೆಳಗೆ ಒಂದೇ ಒಂದು ಹಸಿರು ಬಟನ್. ಒತ್ತಿದ ಮೇಲೆ ಸಂದೇಶ ತಲುಪಲು ಇಪ್ಪತ್ತು ಸೆಕೆಂಡು. ಅಷ್ಟು ಹೊತ್ತು ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ಅದೊಂದು ಗಾಂಭೀರ್ಯ ಎಂದು ನಾನು ಭಾವಿಸಿದ್ದೆ!

ಮಾವ ಒಮ್ಮೆ ಒತ್ತಿದರು. ಪಟ್ಟಿ ಓದಿದರು. ಪಟಪಟನೆ ಎರಡು ಸಲ ಒತ್ತಿದರು. ಏನೋ ನೆನಪಾಗಿ ಮತ್ತೊಮ್ಮೆ ಒತ್ತಿದರು. ಒಟ್ಟು ನಾಲ್ಕು.

ಐದು ನಿಮಿಷದಲ್ಲಿ ಲಲಿತಕ್ಕನ ಫೋನು. "ನಾನೂರು ಎಲೆಯಾ? ಎಂತ ಮಾರಾಯ್ರೆ, ಇಡೀ ತಾಲೂಕಿಗೆ ಬಡಿಸ್ಲಿಕ್ಕೆ ಉಂಟಾ?"

ಹಿಂದೆಯೇ ದೇಜಪ್ಪಣ್ಣ. "ನೂರಿಪ್ಪತ್ತು ಕಾಯಿ ಕೀಳ್ಲಿಕ್ಕೆ ಜನ ಮರ ಹತ್ತಿ ಆಯ್ತು. ಇನ್ನು ಇಳಿ ಅಂತ ಹೇಳ್ಬೇಡಿ!"

ಮಾವ ಮೂವರಿಗೂ ಸಮಾಧಾನ ಹೇಳಿ ಲೆಕ್ಕ ಸರಿಮಾಡಿದರು. ನನಗೋ ಕುತೂಹಲ ತಡೆಯಲಿಲ್ಲ.

"ಮಾವ, ಯಾಕೆ ಹಾಗೆ ಒತ್ತಿದ್ದು?"

"ಮತ್ತೆ ಹೇಗೆ? ಒಂದು ಅಂದ್ರೆ ನಿಲ್ಲು. ಪಟ್ಟಿ ಓದ್ಬೇಡ್ವಾ? ಎರಡು ಅಂದ್ರೆ ರೈಟ್, ಹೋಗುವ. ಆಮೇಲೆ ಸೌತೆ ಹೆಚ್ಚಾಯ್ತಾ ಅಂತ ಡೌಟು ಬಂತು. ಪುನಃ ಒಂದು. ಬಸ್ಸಿನಲ್ಲಿ ವಿಸಿಲ್ ಕೇಳಿಲ್ವಾ ನೀನು? ಇದು ಯಾವ ಸೀಮೆಯ ಡ್ರೈವರು ಮಾರಾಯ್ತಿ, ನಿಲ್ಲು ಅಂದ್ರೂ ಹೋಗ್ತಾನೆ!"

ಹೌದಲ್ಲ! ಮರುದಿನ ಮೂಡುಬಿದಿರೆಯಲ್ಲಿ ಒಂಬತ್ತು ಜನರ ಕೈಗೆ ಬಟನ್ ಕೊಟ್ಟು ನೋಡಿದೆ. ಎರಡು ಸಲ ಒತ್ತಿದವರು ಏಳು. ಒಂದು ಸಲ ಒತ್ತಿದವರು ಒಬ್ಬರು. "ಲಾಯ್ಕ ಉಂಟು" ಎಂದು ಮುಟ್ಟದೆಯೇ ವಾಪಸು ಕೊಟ್ಟವರು ಒಬ್ಬರು.

ಬಳಕೆದಾರರ ಸಂಪ್ರದಾಯದ ಮುಂದೆ ಯಂತ್ರವೇ ತಲೆಬಾಗತಕ್ಕದ್ದು ಎಂಬ ಘನವಾದ ತತ್ತ್ವವನ್ನು ನಾನು ಆ ಕ್ಷಣವೇ ಅಂಗೀಕರಿಸಿದೆ. ಶುಕ್ರವಾರ ಸಂಜೆಯೊಳಗೆ ಕೋಡು ಬದಲಾಯಿತು. ಎರಡು ಸಲ ಒತ್ತಿದರೆ ಆರ್ಡರು ಹೋಗುತ್ತದೆ. ಒಂದೇ ಸಲ ಒತ್ತಿದರೆ ನಿಲ್ಲುತ್ತದೆ, ಅಂದರೆ ಹೋದ ಆರ್ಡರೂ ರದ್ದಾಗುತ್ತದೆ. ಮಾವನಿಗೆ ಫೋನಿನಲ್ಲಿ ವಿವರಿಸಿದೆ. ಅವರಿಗೆ ಬಹಳ ಖುಷಿಯಾಯಿತು.

ಅತ್ತೆಗೆ ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮಾವನ ಮನೆಗೆ ಮುಟ್ಟಿದಾಗ ಸಾಂಬಾರಿಗೆ ಸೌತೆ ಇತ್ತು, ತೆಂಗಿನಕಾಯಿಯೂ ಇತ್ತು. ಅವೆರಡೂ ಶುಕ್ರವಾರವೇ ಬಂದಿದ್ದವು. ಎಲೆ ಮಾತ್ರ ಇಲ್ಲ. ಮಾವ ಲಲಿತಕ್ಕನಿಗೆ ಫೋನು ಮಾಡಿದರು.

"ನೀವೇ ಅಲ್ವಾ ನಿನ್ನೆ ಬೇಡ ಅಂದದ್ದು? ಮೆಸೇಜು ಉಂಟು ನನ್ನಲ್ಲಿ. ಎಲೆ ಎಲ್ಲ ಮದುವೆಯವರು ತಕೊಂಡು ಹೋದ್ರು."

ನಾವಿಬ್ಬರೂ ಅತ್ತೆಯತ್ತ ನೋಡಿದೆವು.

"ನನ್ನನ್ನು ಎಂತ ನೋಡುವುದು? ಆರ್ಡರು ಹೋಗಿದೆಯಾ ಅಂತ ಒಂದೇ ಒಂದು ಸಲ ಒತ್ತಿದ್ದು. ಇವರ ಹಾಗೆ ನಾಲ್ಕು ಸಲ ಅಲ್ಲ!"

ಕೂಟದವರು ಎಲೆ ಊಟವೇ ಬೇಕೆಂದು ಮೊದಲೇ ಹೇಳಿದ್ದರು. ಸಮಯ ಆರು ನಲವತ್ತು. ನಾನು ಲ್ಯಾಪ್‌ಟಾಪ್ ತೆರೆದೆ. "ಅದನ್ನು ಮುಚ್ಚು ಮಗಾ" ಎಂದರು ಮಾವ, ಬಹಳ ಮೆತ್ತಗೆ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಅವರು ಬೆಳ್ತಂಗಡಿ ದಾರಿಯಲ್ಲಿ ಓಡುವ ಬಸ್ಸುಗಳ ನಾಲ್ವರು ಕಂಡಕ್ಟರುಗಳಿಗೆ ಫೋನು ಮಾಡಿದರು. ದಾರಿ ಬದಿಯ ಪರಿಚಯದ ಏಳು ಮನೆಗಳಿಗೆ ಹೇಳಿದರು. ಅಲ್ಲಲ್ಲಿ ಸ್ಟಾಪಿನಲ್ಲಿ ಎಲೆಯ ಕಟ್ಟು ಹಿಡಿದು ಜನ ನಿಂತರು. ಕಟ್ಟುಗಳು ಡ್ರೈವರನ ಪಕ್ಕ ಕೂತು ಪ್ರಯಾಣ ಮಾಡಿದವು. ಹತ್ತೂಕಾಲಿಗೆ ಬೆಳ್ತಂಗಡಿಯಲ್ಲಿ ನಾನೇ ಇಳಿಸಿಕೊಂಡು ಎಣಿಸಿದೆ: ತೊಂಬತ್ತೆರಡು. ಹರಿದದ್ದು ಆರು. ಬೇರೆ ಬೇರೆ ಕಡೆಯ ಹನ್ನೊಂದು ಸೇವೆಗಳನ್ನು ಮಾವ ನಾಲ್ಕು ಗಂಟೆಯೊಳಗೆ ಜೋಡಿಸಿದ್ದರು. ಮುಖ ಮಾಡಿಕೊಡಿ ಎಂದು ಅವುಗಳಲ್ಲಿ ಒಂದೂ ಕೇಳಿರಲಿಲ್ಲ.

ಎಂಬತ್ತು ಜನ ಉಂಡರು. ಸಾಂಬಾರು ಎರಡನೇ ಸಲ ಕೇಳಿದವರು ಐವತ್ತಮೂರು.

ನನ್ನ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ. ಒಮ್ಮೆ ಒತ್ತುವವರಿಗೂ ಎರಡು ಸಲ ಒತ್ತುವವರಿಗೂ, "ನೀವು ಹೇಳಿದ್ದು ನನಗೆ ಕೇಳಿಸಿತು" ಎಂದು ಒಂದು ಬಟನ್ ಹೇಗೆ ತಿಳಿಸಬೇಕು? ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಬೆಳ್ತಂಗಡಿಯಿಂದ ಮಾವನಿಗೆ ಎರಡನೇ ಆರ್ಡರು ಬಂದಿದೆಯಂತೆ. ತಾರೀಕು ಮಾತ್ರ ನನಗೆ ಹೇಳುತ್ತಿಲ್ಲ. ಅದು ಗೊತ್ತಿರುವವರೂ ಬರೆಯಬಹುದು.