ಮೀನ್ ಏರಿ

ಮೋರಿಯ ಬಾಯಿ ಹಳ್ಳದ ನೀರಿಗಿಂತ ಒಂದು ಮೊಳ ಎತ್ತರದಲ್ಲಿದ್ದದ್ದೇ ಸೊಣ್ಣಪ್ಪನ ಗ್ರಹಚಾರಕ್ಕೆ ಮೂಲ. ಯುದ್ಧದ ಲಾರಿಗಳಿಗೆಂದು ಸೂಳಗಿರಿಯ ರಸ್ತೆಯನ್ನು ಎತ್ತರಿಸಿದಾಗ ಮೋರಿಯೂ ಮೇಲೆದ್ದಿತು. ಹಳ್ಳದ ಮೀನುಗಳನ್ನು ಯಾರೂ ಕೇಳಲಿಲ್ಲ.

ಸೊಣ್ಣಪ್ಪ ಆ ರಸ್ತೆಯ ಕೂಲಿ. ಗುದ್ದಲಿ ಹಿಡಿದು ನಿಂತಲ್ಲೇ ಕನಸು ಕಾಣುವ ಆಸಾಮಿ. ಮೊದಲ ಮಳೆಯ ಮರುದಿನ ಬೆಳಗ್ಗೆ ಹಳ್ಳಕ್ಕಿಳಿದು ನೋಡಿದರೆ, ಬೆರಳುದ್ದದ ಮೀನುಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಮೋರಿಗೆ ಹಾರುತ್ತಿವೆ, ಬೀಳುತ್ತಿವೆ. ಎಳೆ ಬಿಸಿಲಲ್ಲಿ ಒಂದೊಂದು ಮೀನೂ ಗಳಿಗೆ ಹೊತ್ತು ಗಾಳಿಯಲ್ಲೇ ನಿಂತಂತೆ ಕಂಡಿತು. ಬಾಣಂತನಕ್ಕೆ ತವರಿಗೆ ಬಂದ ಮಗಳು ಹೊಸ್ತಿಲು ದಾಟಲಾಗದೆ ನಿಂತ ಹಾಗೆ ಅನ್ನಿಸಿ ಅವನ ಕರುಳು ಚುರ್ರೆಂದಿತು.

ರಸ್ತೆಯ ಪಕ್ಕದಲ್ಲಿ ಓವರ್ಸಿಯರ್ ಅಳತೆಗೆಂದು ಒಟ್ಟಿದ್ದ ಕಲ್ಲಿನ ರಾಶಿಯಿತ್ತು. ಸೊಣ್ಣಪ್ಪ ನಿದ್ದೆಯಲ್ಲಿ ನಡೆಯುವವನಂತೆ ಒಂದೊಂದೇ ಕಲ್ಲು ತಂದು ಮೋರಿಯ ಕೆಳಗೆ ಮೆಟ್ಟಿಲು ಕಟ್ಟಿದ. ಮೀನುಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ, ಮೋರಿಯ ಕತ್ತಲಲ್ಲಿ ಒಮ್ಮೆ ಮಿನುಗಿ ಮಾಯವಾದವು. ರಾಶಿಯೂ ಮಾಯವಾಯಿತು.

ಮಜ್ಜಿಗೆ ಮಾರುವ ಪಿಳ್ಳಮ್ಮ ಇಣುಕಿ ನೋಡಿದಳು. "ಅಯ್ಯೋ, ಸರ್ಕಾರದ ಕಲ್ಲಲ್ವೇನಪ್ಪಾ ಅದು?" ಎಂದವಳು ಮಜ್ಜಿಗೆ ಗಡಿಗೆಯನ್ನೂ ಮರೆತು ಮೇಸ್ತ್ರಿಯನ್ನು ಕರೆತಂದಳು.

ಮೇಸ್ತ್ರಿ ರಾಮಾಂಜಿನಪ್ಪ ಎದೆ ಬಡಿದುಕೊಂಡ. "ಲೇ, ಓವರ್ಸಿಯರು ಇವತ್ತೇ ಬತ್ತಾವ್ರೆ ಕಣ್ಲಾ! ನಿನ್ ಕೆಲ್ಸ ಹೋಗ್ಬುಡ್ತದೆ!"

ಬಂದೇ ಬಿಟ್ಟರು, ಸೈಕಲ್ ಮೇಲೆ. ಸೇಲಂ ಕಡೆಯ ತಮಿಳರು, ಕನ್ನಡ ಅಷ್ಟಕ್ಕಷ್ಟೆ. "ಕಲ್ಲೆಲ್ಲಿಡಾ?" ಎಂದು ಗದರಿದರು.

ಮೀನು ಏರಿ ಹೋಗಲಿ ಅಂತ ಹಾಕಿದೆ ಸಾಮಿ ಎನ್ನಬೇಕಿತ್ತು. ಸೊಣ್ಣಪ್ಪನ ಬಾಯಿಂದ ಬಂದದ್ದು "ಮೀನು... ಏರಿ..." ಅಷ್ಟೇ.

ತಮಿಳಿನಲ್ಲಿ ಏರಿ ಎಂದರೆ ಕೆರೆ. ಓವರ್ಸಿಯರ ಮುಖ ಅರಳಿತು. "ಓಹೋ, ಮೀನ್ ಏರಿ! ಅದು ಒಡೆದ್ರೆ ರೋಡೇ ಪೋಚ್ಚು. ಅದಕ್ಕೆ ಕಲ್ಲು ಹಾಕ್ದೆಯಾ? ನಲ್ಲ ವೇಲೆ, ಒಳ್ಳೇ ಕೆಲ್ಸ!"

"ಆಮಾ ಸಾಮಿ, ಮೀನ್ ಏರಿ!" ಮೇಸ್ತ್ರಿ ನಡುವೆ ಬಾಯಿ ಹಾಕಿದ. "ಸಮುದ್ರದಂಗೈತೆ. ಮೀನಂದ್ರೆ ಮೀನು!"

"ಅಪ್ಪಡಿಯಾ? ಸಂಜೆ ಒಂದು ಬುಟ್ಟಿ ಬಂಗ್ಲಾಕ್ಕೆ ತಗೊಂಡ್ಬಾ," ಎಂದು ಓವರ್ಸಿಯರು ಸೈಕಲ್ ಹತ್ತಿದರು.

ಇಳಿಬಿಸಿಲಲ್ಲಿ ಸೊಣ್ಣಪ್ಪ ಮೇಲಿನ ಮೆಟ್ಟಿಲಿಗೆ ಬುಟ್ಟಿ ಒಡ್ಡಿದ. ಒಂದು ಮೀನು ತಾನಾಗಿ ಹಾರಿ ಅದರೊಳಗೇ ಬಿತ್ತು. ಅದರ ತುಂಬಿದ ಹೊಟ್ಟೆ ಕಂಡು ಅವನಿಗೆ ಅಳು ಬಂತು. "ಹೋಗವ್ವಾ, ಮನೆಗೋಗು," ಎಂದು ಮೋರಿಯೊಳಕ್ಕೆ ಬಿಟ್ಟ. ಬರಿ ಬುಟ್ಟಿ ಹಿಡಿದು ಬಂಗ್ಲಾಕ್ಕೆ ಹೋದ.

"ಮೀನ್ ಏರಿ ಒಡ್ದೋಯ್ತು ಸಾಮಿ. ಒಂದ್ ಮೀನೂ ಉಳೀಲಿಲ್ಲ."

ಓವರ್ಸಿಯರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅಯ್ಯಯ್ಯೋ, ನನ್ನ ರೋಡು! ಬೆಳಗ್ಗೆ ಎಂಜಿನಿಯರ್ ದೊರೆನೇ ಕರ್ಕೊಂಡು ಬರ್ತೀನಿ. ಒಡೆದ ಏರಿ ನೀನು ತೋರಿಸ್ಬೇಕು. ಇಲ್ಲಾಂದ್ರೆ ನಿನ್ ವೇಲೆ ಪೋಚ್ಚು!"

ಸೊಣ್ಣಪ್ಪ ಗುದ್ದಲಿಯನ್ನು ಹೆಗಲಿಗಿಟ್ಟುಕೊಂಡು ಹೊರಟ. ಬೆಳಗಾಗುವುದರೊಳಗೆ ಅವನೊಂದು ಕೆರೆ ಕಟ್ಟಬೇಕಿತ್ತು. ಕಟ್ಟಿ, ಒಡೆಯಬೇಕಿತ್ತು.