ಹೊಗಳಿದ ಹಂದಿಮರಿ

ಕೋರ್ಬಿನ್ ಹೇಳಿದ್ದು ಒಂದೇ ಮಾತು. ಹಲ್ಲುಜ್ಜುತ್ತ ಹಿತ್ತಿಲಿಗೆ ಹೋದವನು ತಾನು ಉಳಿದಿದ್ದ ಮನೆಯ ಲಿತಿಯಮ್ಮನ ಕಪ್ಪು ಹಂದಿಮರಿಯನ್ನು ಕಂಡು, "ಅಬ್ಬಾ, ಎಷ್ಟು ಮುದ್ದಾಗಿದೆ!" ಎಂದ. ಅವನ ಅಯೋವಾದಲ್ಲಾದರೆ ಬಸ್ಸಿನಲ್ಲಿ ಪಕ್ಕ ಕೂತವರ ಕೊಡೆಯನ್ನೂ ಹೊಗಳುತ್ತಾರೆ, ಇಳಿದ ಮೇಲೆ ಮರೆಯುತ್ತಾರೆ. ಫಿಜಿಯಲ್ಲಿ ಹಾಗಲ್ಲ. ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ಮರಿಯ ಕಾಲಿಗೆ ಹಗ್ಗ ಬಿದ್ದಿತ್ತು, ಹಗ್ಗದ ತುದಿ ಅವನ ಕೈಯಲ್ಲಿತ್ತು.

"ತಗೋ ಮಗಾ, ಇನ್ಮೇಲೆ ಇದು ನಿಂದು."

"ಅಯ್ಯೋ ಬೇಡಮ್ಮಾ! ಸುಮ್ನೆ ಹೇಳ್ದೆ."

"ಸುಮ್ನೆ ಯಾರಾದ್ರೂ ಹೊಗಳ್ತಾರಾ? ಕೊಡದಿದ್ರೆ ಊರೋರು ನನ್ನ ಜಿಪುಣಿ ಅನ್ನಲ್ವಾ?" ಎಂದು ಲಿತಿಯಮ್ಮ ಒಳಗೆ ನಡೆದಳು.

ಕೋರ್ಬಿನ್‌ಗೆ ಮರಿಯನ್ನು ಒಯ್ಯುವ ಹಾಗೇ ಇರಲಿಲ್ಲ. ಅವನು ಒಂದು ಸೆಮಿಸ್ಟರಿನ ಮಟ್ಟಿಗೆ ರಾಜಧಾನಿ ಸುವಾದಲ್ಲಿ ಓದಲು ಬಂದವನು. ಹಳ್ಳಿಯ ಮನೆಯಲ್ಲಿ ಮೂರು ದಿನ ಇರುವುದು ಪಾಠದ ಭಾಗ. ಇವತ್ತು ಮಧ್ಯಾಹ್ನದ ಲಾರಿಗೆ ವಾಪಸ್ಸು. ಹಾಸ್ಟೆಲಿಗೆ ಬೆಕ್ಕು ತಂದದ್ದಕ್ಕೇ ವಾರ್ಡನ್ ಒಮ್ಮೆ ಎಚ್ಚರಿಸಿದ್ದ: ಇನ್ನೊಂದು ಪ್ರಾಣಿ ಕಂಡರೆ ಪೆಟ್ಟಿಗೆ ಬೀದಿಗೆ. ಪರೀಕ್ಷೆಗೆ ಉಳಿದದ್ದು ಹತ್ತೇ ದಿನ.

ಬೇಲಿಯಾಚೆ ಪಕ್ಕದ ಮನೆಯ ಏಪೇಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಮೊನ್ನೆ ಚಾಪೆ, ನಿನ್ನೆ ಬೀಸಣಿಗೆ, ಇವತ್ತು ಹಂದಿ! ಇನ್ನೆರಡು ದಿನ ಇದ್ರೆ ಮನೆ ಸೂರೂ ಹೊತ್ಕೊಂಡು ಹೋಗ್ತೀಯ ಬಿಡಪ್ಪಾ."

"ಅಣ್ಣಾ, ವಾಪಸ್ ಕೊಟ್ಬಿಡ್ಲಾ?"

"ಆಯಮ್ಮ ಆರು ತಿಂಗಳು ಅಳ್ತಾಳೆ. ಇರೋದು ಒಂದೇ ದಾರಿ. ಬೇರೆ ಯಾರಾದ್ರೂ ಅದನ್ನ ಹೊಗಳ್ಬೇಕು. ತಕ್ಷಣ ಅವರ ಕೈಗೆ ದಾಟಿಸು."

ಕೋರ್ಬಿನ್ ಮರಿಯನ್ನು ಎಳೆದುಕೊಂಡು ಹೊರಟ. ಅಸಲಿಗೆ ಮರಿಯೇ ಅವನನ್ನು ಎಳೆಯುತ್ತಿತ್ತು. ಮಾವಿನ ಮರದಡಿ ಕಾವಾ ಬೇರಿನ ಪಾನೀಯ ಕುಡಿಯುತ್ತಿದ್ದ ಗಂಡಸರು ಒಟ್ಟಿಗೇ ಆಕಾಶ ನೋಡತೊಡಗಿದರು.

"ನನ್ನ ಹಂದಿ ಹೇಗಿದೆ?"

"ಯಾವ ಹಂದಿ?" ಎಂದ ಒಬ್ಬ, ಮರಿ ಅವನ ಕಾಲ ಮೇಲೇ ನಿಂತಿದ್ದರೂ.

ಬಾವಿಕಟ್ಟೆಯ ಅಜ್ಜಿ, "ಪಾಪ, ಈ ನಾಯಿಗೇನು ಕಾಯಿಲೆ?" ಎಂದಳು.

ಕೋರ್ಬಿನ್ ಸೋಪು ಹಚ್ಚಿ ಮರಿಗೆ ಸ್ನಾನ ಮಾಡಿಸಿದ, ಕಿವಿಗೆ ದಾಸವಾಳ ಸಿಕ್ಕಿಸಿದ. ಹಂದಿ ಈಗ ಮದುಮಗಳ ಹಾಗಿತ್ತು, ಅವನು ಹಂದಿಯ ಹಾಗಿದ್ದ. "ಈಗ ನೋಡಿ ಅಜ್ಜೀ!"

ಅಜ್ಜಿ ಬಹಳ ಹೊತ್ತು ನೋಡಿದಳು. "ಹೂವು ಚೆನ್ನಾಗಿದೆ."

ಹೂವನ್ನು ಕೊಡಬೇಕಾಯಿತು.

ಅಷ್ಟರಲ್ಲಿ ಲಾರಿ ಬಂತು. ಕೋರ್ಬಿನ್‌ನನ್ನು ಕರೆದೊಯ್ಯಲು ಅದರಿಂದ ಇಳಿದವಳು ಡಾರ್ಲೀನ್ ಮೇಡಂ; ಅವಳು ವಿದ್ಯಾರ್ಥಿಗಳ ಉಸ್ತುವಾರಿಗೆಂದು ಓಹಾಯೋದಿಂದ ಫಿಜಿಗೆ ಬಂದು ಎರಡೇ ದಿನವಾಗಿತ್ತು. ನೆಲಕ್ಕೆ ಕಾಲಿಟ್ಟವಳೇ ಕಿರುಚಿದಳು: "ಅಯ್ಯೋ ನನ್ನ ಬಂಗಾರಾ! ಎಂಥ ಚೆಂದದ ಮರಿ!"

ಮರುಕ್ಷಣ ಮರಿ ಅವಳ ತೋಳಿನಲ್ಲಿತ್ತು.

"ನಿಮ್ಮದೇ ಮೇಡಂ! ಇಲ್ಲಿ ಹೊಗಳಿದ್ದನ್ನ ಕೊಡ್ಬೇಕು, ಕೊಟ್ಟಿದ್ದನ್ನ ಬೇಡ ಅನ್ಬಾರ್ದು. ಬೇಡ ಅಂದ್ರೆ ಊರಿಗೇ ಅವಮಾನ. ನಾವು ಪರದೇಶಕ್ಕೆ ಬಂದಿರೋದೇ ಇದನ್ನ ಕಲಿಯೋಕಲ್ವಾ?"

ನೆರೆದವರು ಕೊಡುಗೆಗೆ ಸಾಕ್ಷಿಯೆಂಬಂತೆ ಅಂಗೈ ಬಟ್ಟಲು ಮಾಡಿ ಗಂಭೀರವಾಗಿ ಮೂರು ಸಲ ಚಪ್ಪಾಳೆ ತಟ್ಟಿದರು. ಮೇಡಂ ಹಂದಿಯ ಸಮೇತ ಲಾರಿ ಹತ್ತಿದಳು.

ಕೋರ್ಬಿನ್ ಹತ್ತಿಯಷ್ಟು ಹಗುರಾದ. ಲಾರಿ ಏರಿ ಅವಳೆದುರಿಗೆ ಕೂತ. ಮರಿ ಮೇಡಮ್ಮಿನ ಹೆಗಲಿಗೆ ಮೂತಿಯಿಟ್ಟು ಗೊರಕೆ ಹೊಡೆಯುತ್ತಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಾಯಿ ತಾನೇ ತೆರೆದುಕೊಂಡಿತು:

"ಆಹಾ ಮೇಡಂ, ಎಷ್ಟು ಮುದ್ದಾಗಿ ಮಲಗಿದೆ!"

ಏಪೇಲಿ ಹಣೆ ಚಚ್ಚಿಕೊಂಡ. ಡಾರ್ಲೀನ್ ಮೇಡಮ್ಮಿನ ಮುಖ ಮಾತ್ರ ಕರೆಂಟು ಬಂದ ಮನೆಯಂತೆ ಬೆಳಗಿತು.

"ತಗೋ ಕೋರ್ಬಿನ್, ನಿಂದೇ! ಬೇಡ ಅನ್ಬಾರ್ದು, ಊರಿಗೇ ಅವಮಾನ ಅಂತ ನೀನೇ ಹೇಳಿದ್ಯಲ್ಲ!"

ಮತ್ತೆ ಮೂರು ಚಪ್ಪಾಳೆ. ಲಾರಿ ಹೊರಟಿತು. ಲಿತಿಯಮ್ಮ ತೋಳಿನಲ್ಲೇ ಕಣ್ಣೊರೆಸಿಕೊಂಡು ಕೂಗಿದಳು: "ನಮ್ಮೂರು ಹೇಗನ್ನಿಸ್ತು ಮಗಾ?"

ತುಂಬ ಚೆನ್ನಾಗಿದೆ ಎನ್ನಲು ಬಾಯಿ ತೆರೆದ ಕೋರ್ಬಿನ್, ಊರಿನತ್ತ ಒಮ್ಮೆ, ತೊಡೆಯ ಮೇಲಿನ ಹಂದಿಯತ್ತ ಒಮ್ಮೆ ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.