ತೋಳು ಹಿಡಿದು ನೋಡುವ ನೆಗೆಣ್ಣಿ

ನಮ್ಮ ನೆಗೆಣ್ಣಿಗೆ ಒಂದು ಮಾತು ಬಿಟ್ಟರೆ ಉಳಿದ ಮಾತೆಲ್ಲ ಬರುತ್ತವೆ. ಬೈಗುಳ ಬರುತ್ತವೆ. ಮೋಮಿನಪುರದ ಬಳೆಗಾರನ ಸಂಗಡ ಚೌಕಾಸಿ ಮಾಡುವಷ್ಟು ಉರ್ದು ಬರುತ್ತದೆ. ಬರದ ಮಾತು ಒಂದೇ: "ಸಾಕು". ತಾಟಿನ ಮುಂದೆ ಕೂತ ಮಗುವಿಗೆ ಸಾಕು ಅನ್ನುವುದೆ? ಶಿವ ಶಿವಾ!

ಈಕೆ ನನ್ನ ಮೈದುನನ ಹೆಂಡತಿ. ಕಮಲಾಪುರದ ಸರಕಾರಿ ಸಾಲಿಯಲ್ಲಿ ಬಿಸಿಯೂಟ ಬೇಯಿಸುತ್ತಲೇ ಮುಪ್ಪಾದವಳು. ಓದು ನನ್ನಷ್ಟೇ, ಅಂದರೆ ಹೇಳಿಕೊಳ್ಳುವ ಹಂಗಿಲ್ಲ. ಆದರೂ ಮಕ್ಕಳ ವಿಷಯಕ್ಕೆ ತಾನೇ ದೊಡ್ಡ ಡಾಕ್ಟರು! ಸಿಕ್ಕ ಮಗುವಿನ ತೋಳಿಗೆ ಹೆಬ್ಬೆರಳು, ನಡುಬೆರಳು ಸುತ್ತುತ್ತಾಳೆ. ಬೆರಳು ಕೂಡಿದರೆ ಇನ್ನೊಂದು ರೊಟ್ಟಿ. ಕೂಡದಿದ್ದರೆ? ಆಗಲೂ ಇನ್ನೊಂದು ರೊಟ್ಟಿ, ಮುಂದೆಯೂ ಕೂಡಬಾರದಲ್ಲ! ಎಷ್ಟು ಹಾಕಿದೆ ಎಂದು ಕೇಳುವಂತಿಲ್ಲ. ಎಣಿಸಿ ಬಡಿಸಿದ್ದು ಮೈಗೆ ಹತ್ತುವುದಿಲ್ಲ ಅನ್ನುತ್ತಾಳೆ.

ಒಮ್ಮೆ ಕಲಬುರಗಿ ಬಸ್ಸಿನಲ್ಲಿ ತೆಳ್ಳಗಿನ ಕಂಡಕ್ಟರನ ತೋಳಿಗೇ ಕೈ ಹಾಕಿದಳು.

"ಏನ್ರೀ ಅಮ್ಮಾ, ಆಧಾರ ಕಾರ್ಡ ತೋರಸ್ರಿ ಅಂದ್ರ ಕೈ ಹಿಡೀತೀರಿ?"

"ಕಾರ್ಡ ಇರ್ಲಿ ತಮ್ಮಾ, ಮುಂಜಾನಿ ಏನು ತಿಂದಿ?"

ಎರಡು ಕೆಂಪು ಬಾಳೆಹಣ್ಣು ತಿನ್ನಿಸಿಯೇ ಬಿಟ್ಟಳು. ಆ ಕಂಡಕ್ಟರ್ ಈಗ ಇವಳು ಹತ್ತಿದರೆ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ!

ನಗಬೇಡಿ. ರವಿವಾರದ ಹಸಿವನ್ನೂ ಸೇರಿಸಿ ಸೋಮವಾರ ಉಣ್ಣುವ ಮಕ್ಕಳನ್ನು ಕಂಡವಳು ಆಕೆ. ಸಾಲಿಗೆ ತತ್ತಿ ಬಂದಾಗ, ಕೊಡಬೇಕೋ ಬೇಡವೋ ಎಂದು ಊರಿನ ದೊಡ್ಡವರು ಜಗಳಕ್ಕೆ ನಿಂತರು. ಈಕೆ ಸೌಟು ಹಿಡಿದೇ ಹೊರಗೆ ಬಂದಳು. "ಬ್ಯಾಡ ಅನ್ನೋರು ಮೊದಲ ತಮ್ಮ ತಮ್ಮ ತೋಳು ತೋರಸ್ರಿ." ತೋರಿಸಿದರೆ ತಾನೆ? ಎಲ್ಲವೂ ತುಂಬಿದ ತೋಳುಗಳೇ!

ಆಕೆಗೂ ಒಬ್ಬ ಮಗಳಿದ್ದಳು. ಎರಡು ತುಂಬುವ ಮೊದಲೇ ತೋಳು ಕಡ್ಡಿಯಾಗಿ, ಹೋಗಿಬಿಟ್ಟಳು. ಆ ಮಾತನ್ನು ಆಕೆ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ.

ಹೋದ ತಿಂಗಳು ಕಲಬುರಗಿಯ ನಮ್ಮ ಮನೆಗೆ ಬಂದಳು. ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳ ತೋಳಿಗೆ ಇವಳ ಎರಡೂ ಕೈ ಬೇಕಾದವು! "ಮನಿ ಅಂದ್ರ ಇದು ಯಕ್ಕಾ!" ಎಂದು ಹಿಗ್ಗಿದಳು. ಆ ಹುಡುಗಿಗೆ ಎರಡು ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆ ಎಂದು ನಾನು ಹೇಳಿದೆ. ಕೇಳುವವರು ಯಾರು?

ಮರುದಿನ ದವಾಖಾನೆಗೆ ಇವಳನ್ನೂ ಕರೆದುಕೊಂಡು ಹೋದದ್ದು ತಪ್ಪಾಯಿತು. ಡಾಕ್ಟರಮ್ಮ ಮಗುವನ್ನು ತೂಗಿ, "ವಯಸ್ಸಿಗಿಂತ ಭಾಳ ದಪ್ಪ ಆಗ್ಯಾಳ" ಅಂದದ್ದೇ ತಡ, ಇವಳು ಸೆರಗಿನ ಗಂಟಿನಿಂದ ಉಪ್ಪು, ಮೆಣಸಿನಕಾಯಿ ತೆಗೆದು ದೃಷ್ಟಿ ನಿವಾಳಿಸತೊಡಗಿದಳು!

"ಅಮ್ಮಾ, ನನ್ನ ಕಣ್ಣಲ್ಲ, ತಕ್ಕಡಿ ಹೇಳ್ಲಾಕತ್ತದ."

"ಹಂಗಾರ ತಕ್ಕಡೀದೂ ತೆಗೀತೀನಿ!"

ತೆಗೆದೂ ಬಿಟ್ಟಳು. ಡಾಕ್ಟರಮ್ಮ ನಗಲಿಲ್ಲ. ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಬೆಳ್ಳಗಿತ್ತು. "ರಕ್ತ ಕಡಿಮಿ ಅದ. ಹೊಟ್ಟಿ ತುಂಬತದ, ಊಟ ಆಗಲ್ಲ. ಹಿಂಗ ಬಿಟ್ರ ಸಣ್ಣ ವಯಸ್ಸಿಗೇ ಸಕ್ಕರಿ ಬ್ಯಾನಿ ಬರ್ತದ. ಅಂಗಡಿ ಕುರುಕಲಿನ ಪಾಕೀಟು ಬಂದ್ ಮಾಡ್ರಿ, ಆಡಾಕ ಬಿಡ್ರಿ."

ಉಪ್ಪು ಹಿಡಿದ ಕೈ ಹಂಗೇ ನಿಂತಿತು. "ಇಷ್ಟು ತೋಳು ಅದ… ರಕ್ತ ಇಲ್ಲ?"

ದಾರಿಯಲ್ಲಿ ಮೊಮ್ಮಗಳ ಸಾಲಿ ಬಂತು. ಗೇಟಿನ ಎದುರಿನ ಡಬ್ಬಿ ಅಂಗಡಿಗೆ ತೋರಣ ಕಟ್ಟಿದಂತೆ ಬಣ್ಣಬಣ್ಣದ ಪಾಕೀಟು. ನೆಗೆಣ್ಣಿ ನಿಂತಳು.

"ಯಕ್ಕಾ, ನನ್ನ ಸಾರು ಮಾಸ್ತರರು ರುಚಿ ನೋಡೋತನ ಮಕ್ಕಳಿಗೆ ಬಡಸೂ ಹಂಗಿರಲಿಲ್ಲ. ಇದನ್ನ ಯಾರು ರುಚಿ ನೋಡ್ತಾರ?"

ಪಾಕೀಟಿನ ಹಿಂದೆ ಎಲ್ಲ ಬರೆದಿರುತ್ತದಂತೆ. ಇರುವೆಗೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ! ಹಸಿದ ಮಗುವಿಗೆ ತತ್ತಿ ಕೊಡು ಎಂದು ಸರಕಾರಕ್ಕೆ ಕೇಳಬಹುದು. ತುಂಬಿದ ಮಗುವಿನ ಕೈಯಿಂದ ಪಾಕೀಟು ಕಸಿದುಕೋ ಎಂದು ಯಾರಿಗೆ ಕೇಳುವುದು? ಮನೆಯಲ್ಲೇ ಯಾರಾದರೂ ಕೆಟ್ಟವರಾಗಬೇಕು.

ಮಧ್ಯಾಹ್ನ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ. ಮೊಮ್ಮಗಳು ಅರ್ಧ ರೊಟ್ಟಿ ಕೆದಕಿ ಎದ್ದಳು. ಗೋಡೆಯ ಎತ್ತರದ ಮಾಡದಲ್ಲಿ ಅವರಪ್ಪ ತಂದಿಟ್ಟ ಪಾಕೀಟು ಇತ್ತು. ನನ್ನನ್ನು ಕೇಳಲಿಲ್ಲ ಜಾಣೆ, ಸಣ್ಣಜ್ಜಿಯನ್ನೇ ಕೇಳಿದಳು! "ಸಣ್ಣಾಯಿ, ಅದು ತೆಕ್ಕೊಡು."

ರೂಢಿಯ ಮೇಲೆ ನೆಗೆಣ್ಣಿ ಎದ್ದಳು. ಕೈ ಚಾಚಿದಳು. ಪಾಕೀಟು ಮುಟ್ಟಿ ಹಂಗೇ ನಿಂತಳು. ಕೈ ಹಿಂದಕ್ಕೆ ಎಳೆದುಕೊಂಡು, ಬೇರೆ ಯಾರದೋ ದನಿಯಲ್ಲಿ, "ಸಾಕು ಮಗಾ" ಅಂದಳು.

ಹುಡುಗಿ ಅತ್ತಳು, ಕಾಲು ಬಡಿದಳು. ನೆಗೆಣ್ಣಿ ಬಂದು ತಾಟಿನ ಮುಂದೆ ಕೂತಳು. ತುತ್ತು ಮುರಿದಳು, ಬಾಯಿಗೆ ಒಯ್ಯಲಿಲ್ಲ. ಕಡ್ಡಿಯಾದ ಆ ಸಣ್ಣ ತೋಳು ಆಕೆಯ ಕಣ್ಮುಂದೆ ಬಂದಿದೆ ಎಂದು ನನಗೆ ಗೊತ್ತಿತ್ತು.

ಅಳು ಮುಗಿದ ಮೇಲೆ ಮೊಮ್ಮಗಳು ಅವಳನ್ನೇ ನೋಡಿದಳು. ಮೂಗು ಒರೆಸಿಕೊಳ್ಳುತ್ತ ಹತ್ತಿರ ಬಂದು ಆ ಮುದಿ ತೋಳಿಗೆ ತನ್ನ ಬೆರಳು ಸುತ್ತಿದಳು. ಕೂಡಲಿಲ್ಲ. ಒತ್ತಿ ಒತ್ತಿ ಕೂಡಿಸಿದಳು.

"ಆಯಿ! ಸಣ್ಣಾಯಿ ತೋಳಿನ್ಯಾಗ ಏನೂ ಇಲ್ಲ. ಇನ್ನೊಂದು ರೊಟ್ಟಿ ಹಾಕು. ನನಗೂ ಹಾಕು, ಇಕಿ ಸಂಗಟ ಉಣ್ತೀನಿ."

ಹಾಕಿದೆ. ಎಣಿಸಲಿಲ್ಲ.